ಮೂರು ಮುಖ, ಒಂದೇ ಟ್ಯೂಬು



ಕಳೆದ ವರ್ಷ ಭಾನುವಾರದ ಪೂಜೆ ಮುಗಿಸಿ ಹೊರಬರುವಾಗ ನಿಮ್ಮಲ್ಲಿ ಹಲವರು ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ಕೇಳಿದ್ದಿರಿ, "ನಿಮ್ಮ ಮುಖಕ್ಕೆ ಏನಾಯಿತು?" ಎಂದು. "ಬಿಸಿಲು" ಎಂದು ನಗುತ್ತಾ ತಪ್ಪಿಸಿಕೊಂಡೆವು. ಬಿಸಿಲಲ್ಲ. ಏನೆಂಬುದನ್ನು ಈಗ ಅಕ್ಕ-ತಂಗಿ ಇಬ್ಬರೂ ಕೂತು ಬರೆಯುತ್ತಿದ್ದೇವೆ. ಅಮ್ಮನಿಗೂ ಓದಿ ಹೇಳಿದ್ದೇವೆ, ಯಾಕೆಂದರೆ ಇದರಲ್ಲಿ ಅವರ ಪಾಲೂ ಇದೆ.

ಶುರುವಾದದ್ದು ನಮ್ಮಲ್ಲಿ ಕಿರಿಯವಳ ಮೊಡವೆಯಿಂದ. ಅವಳಾಗ ಪ್ಲಸ್ ಟು. ಕಾಸರಗೋಡಿನ ಸೆಖೆ ನಿಮಗೆ ಗೊತ್ತೇ ಇದೆ. ಯಾರೋ ಗೆಳತಿ ಒಂದು ಕ್ರೀಮಿನ ಹೆಸರು ಹೇಳಿದಳು. ಔಷಧಿ ಅಂಗಡಿಯಲ್ಲಿ ಚೀಟಿ ಕೇಳಲಿಲ್ಲ, 15 ಗ್ರಾಂನ ಟ್ಯೂಬು ಕೊಟ್ಟರು. ಒಂದೇ ವಾರದಲ್ಲಿ ಮೊಡವೆ ಕುಗ್ಗಿತು, ಮುಖ ಬೆಳ್ಳಗಾಯಿತು. ದೊಡ್ಡವಳಿಗೆ ಮದುವೆ ಮಾತುಕತೆ ನಡೆಯುತ್ತಿತ್ತು, ಅವಳೂ ಹಚ್ಚತೊಡಗಿದಳು. ಎರಡನೇ ಹೆರಿಗೆಯಿಂದಲೂ ಅಮ್ಮನ ಕೆನ್ನೆಯ ಮೇಲೆ ಬಂಗು ಇದೆ, ಅವರೂ ಹಚ್ಚಿದರು. ಮನೆಮಂದಿಗೆಲ್ಲ ಒಂದೇ ಟೂತ್‌ಪೇಸ್ಟ್ ಇರುವ ಹಾಗೆ ಮೂರು ಮುಖಕ್ಕೆ ಒಂದೇ ಟ್ಯೂಬು. ಹೀಗೆ ಐದು ತಿಂಗಳು.

ನಮ್ಮ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಟ್ಯೂಬಿನ ಮೇಲಿನ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ನಾವು ಓದಿದ್ದು ಬೆಲೆಯನ್ನು ಮಾತ್ರ. ಓದಿದ್ದರೆ ಅಲ್ಲೇ ಇತ್ತು: ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. ವೈದ್ಯರು ಇಂಥದ್ದನ್ನು ಬಂಗಿಗೆ ಕೆಲವು ವಾರಗಳ ಮಟ್ಟಿಗೆ ಕೊಡುವುದುಂಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪು ಬಲೆಯಂತೆ ಕಾಣಿಸುತ್ತವೆ, ಕೆನ್ನೆಯಲ್ಲಿ ಕೂದಲು ಬರುತ್ತದೆ, ಹೋದ ಮೊಡವೆ ಹೊಸದಾಗಿ ಏಳುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಅಂಗಡಿಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಎರಡನೇ, ಮೂರನೇ ಟ್ಯೂಬಿಗೆ ನಾವೇ ಓಡಿದ್ದೆವು.

ಜುಲೈಯ ಜಡಿಮಳೆಯಲ್ಲಿ ಟ್ಯೂಬು ಮುಗಿಯಿತು. ನಾಲ್ಕು ದಿನ ಪೇಟೆಗೆ ಹೋಗಲಾಗಲಿಲ್ಲ. ಐದನೇ ದಿನ ಬರೀ ನೀರು ತಾಗಿದರೂ ಮುಖ ಮೆಣಸು ಅರೆದು ಹಚ್ಚಿದಂತೆ ಉರಿಯಿತು. ದೊಡ್ಡವಳ ಕೆನ್ನೆ ಕೆಂಪಾಗಿ ಊದಿತು, ಅಮ್ಮನ ಬಂಗು ಮೊದಲಿಗಿಂತ ಕಪ್ಪಾಯಿತು. ಹೊಸ ಟ್ಯೂಬು ತಂದು ಹಚ್ಚಿದೆವು, ಎರಡೇ ದಿನದಲ್ಲಿ ಎಲ್ಲ ತಣ್ಣಗಾಯಿತು. ಆಗ ನಿಜಕ್ಕೂ ಹೆದರಿದೆವು.

ಮಂಗಳೂರಿನ ಚರ್ಮವೈದ್ಯೆ ನಾವು ಕುರ್ಚಿಯಲ್ಲಿ ಕೂರುವ ಮೊದಲೇ "ಟ್ಯೂಬು ತಂದಿದ್ದೀರಾ?" ಎಂದು ಕೇಳಿದರು. ದಿನಕ್ಕೆ ಇಂಥ ಎಷ್ಟು ಮುಖ ನೋಡುತ್ತಾರೋ! ಆಗ ದೊಡ್ಡವಳ ಮದುವೆಗೆ ಹತ್ತು ವಾರ ಉಳಿದಿತ್ತು. "ಮದುವೆವರೆಗೆ ಮಾತ್ರ ಹಚ್ಚಲಾ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟಳು. ಅವರು ಬೈಯಲಿಲ್ಲ. ಇನ್ನೂ ಹತ್ತು ವಾರ ಹಚ್ಚಿದರೆ ಬಿಡುವಾಗಿನ ಉರಿ ಹೆಚ್ಚಾಗುತ್ತದೆ, ಒಮ್ಮೆಲೇ ಬಿಟ್ಟರೂ ಕಷ್ಟ, ಕಡಿಮೆ ಶಕ್ತಿಯದ್ದಕ್ಕೆ ಇಳಿಸಿ ನಿಧಾನವಾಗಿ ಬಿಡಿಸುತ್ತೇನೆ, ಆದರೆ ಮದುವೆಯ ಫೋಟೋದಲ್ಲಿ ಮುಖ ಕೆಂಪಗೇ ಇರಬಹುದು ಎಂದರು. ಆ ದಿನ ಮನೆ ಸೇರುವವರೆಗೆ ರೈಲಿನಲ್ಲಿ ನಾವು ಮೂವರೂ ಮಾತಾಡಲಿಲ್ಲ.

ಇನ್ನೊಂದು ಭಯವೂ ನಮ್ಮ ಜೊತೆಗೆ ಬಂದಿತ್ತು. "ಬೇರೆ ಏನಾದರೂ ಹಚ್ಚುತ್ತಿದ್ದಿರಾ?" ಎಂದು ಡಾಕ್ಟರ್ ಕೇಳಿದಾಗ ಅಮ್ಮ ತುಸು ತಡೆದು ಒಂದು ಡಬ್ಬಿಯ ವಿಷಯ ಹೇಳಿದ್ದರು. ಗಲ್ಫಿನಿಂದ ಬಂದ ಉಡುಗೊರೆ, ಮೇಲೆ ತಯಾರಕರ ಹೆಸರೂ ಇಲ್ಲ. 2023ರಲ್ಲಿ ಇದೇ ನಮ್ಮ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಬಿಳಿಚಿಸುವ ಕ್ರೀಮು ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು ವೈದ್ಯರು ಗುರುತಿಸಿದ್ದರು. ಕಾರಣ ಪಾದರಸ. ಅದೇ ವರ್ಷ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿತು. ಪಾದರಸ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಅಮ್ಮನ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷೆಗೆ ಕೊಟ್ಟೆವು. ವರದಿ ಬರುವವರೆಗಿನ ಎರಡು ದಿನ ನಮ್ಮ ಮನೆಯಲ್ಲಿ ಕನ್ನಡಿ ನೋಡಿದವರಿಲ್ಲ. ವರದಿ ಚೆನ್ನಾಗಿತ್ತು. ನಿಮ್ಮ ಕಪಾಟಿನಲ್ಲೂ ಅಂಥ ಡಬ್ಬಿ ಇದ್ದರೆ ಇಂದೇ ನಿಲ್ಲಿಸಿ. ಸುಡಬೇಡಿ, ಹೊಗೆಯಲ್ಲೂ ವಿಷ.

ಈಗ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಾರಿ. ಕಿರಿಯವಳು ಮುಖ ಶಾಂತವಾದ ಮೇಲೆ ಡಾಕ್ಟರ್ ಹೇಳಿದ ಪ್ರಕಾರ ರಾತ್ರಿ ಅಡಾಪಲೀನ್ ತೆಳ್ಳಗೆ ಹಚ್ಚುತ್ತಾಳೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಒಂದು ವಾರದಲ್ಲಿ ಮಾಯ ಮಾಡುವ ಯಾವುದನ್ನೂ ನಾವೀಗ ನಂಬುವುದಿಲ್ಲ. ತಲೆಗೆ ಹಾಕಿದ ತೆಂಗಿನೆಣ್ಣೆ ಹಣೆಗಿಳಿದು ರಂಧ್ರ ಮುಚ್ಚಿ ಮೊಡವೆ ಹೆಚ್ಚಿಸುತ್ತಿತ್ತಂತೆ. ನಮ್ಮೂರಲ್ಲಿ ಈ ಮಾತು ಹೇಳಿದರೆ ಜಗಳಕ್ಕೇ ಬರುತ್ತಾರೆ! ಎಣ್ಣೆ ಬಿಟ್ಟಿಲ್ಲ, ತಲೆಗೆ ಹಾಕಿದ ದಿನವೇ ತೊಳೆಯುತ್ತಾಳೆ. ಅದೇ ಎಣ್ಣೆ ಅಜ್ಜಿಯ ಒಣಗಿದ ಕಾಲಿಗೆ ಅಮೃತ. ವಯಸ್ಸಾದ ಚರ್ಮದಲ್ಲಿ ಜಿಡ್ಡು ಕಡಿಮೆ. ಬಿಸಿಬಿಸಿ ನೀರು, ಮೈಯೆಲ್ಲ ಸೋಪು, ಆಮೇಲೆ ರಾತ್ರಿಯಿಡೀ ತುರಿಕೆ. ಈಗ ಅಜ್ಜಿಗೆ ಉಗುರುಬೆಚ್ಚಗಿನ ನೀರು, ಸೋಪು ಕಂಕುಳು ಮತ್ತು ಪಾದಕ್ಕೆ ಮಾತ್ರ, ಮೈ ಪೂರ್ತಿ ಆರುವ ಮೊದಲೇ ಎಣ್ಣೆ. ಅಮ್ಮ ಬಂಗಿಗಾಗಿ ಬೆಳಗ್ಗೆ ಎರಡು ಬೆರಳುದ್ದ ಸನ್‌ಸ್ಕ್ರೀನ್ ಹಚ್ಚಿ, ಮೋಡವಿದ್ದರೂ ಕೊಡೆ ಹಿಡಿದೇ ಹೊರಡುತ್ತಾರೆ. ಸೂಕ್ಷ್ಮ ಚರ್ಮ ದೊಡ್ಡವಳದು. ಪರಿಮಳವಿಲ್ಲದ ಒಂದು ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಬೇಡ ಎಂದಿದ್ದಾರೆ. ಹೊಸದೇನನ್ನಾದರೂ ಹಚ್ಚುವ ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡುತ್ತಾಳೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ.

ಮದುವೆಯ ಹೊತ್ತಿಗೆ ಅವಳ ಉರಿ ಇಳಿದಿತ್ತು, ಕೆಂಪು ಇಳಿದಿರಲಿಲ್ಲ. ಮಾತುಕತೆಯ ಸಮಯದ ಫೋಟೋದಲ್ಲಿದ್ದ ಬಿಳಿ ಮುಖ ಹೇಗೆ ಬಂತೆಂದು ಹುಡುಗನಿಗೆ ಅವಳೇ ಫೋನ್ ಮಾಡಿ ಹೇಳಿದ್ದಳು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದು ಟ್ಯೂಬು ಉಂಟು, ಬಿಸಾಡ್ಲಾ?" ಎಂದು ಕೇಳಿದನಂತೆ.

ರೋಸ್ ದಿನ ತೆಂಗಿನ ಹಾಲಿನ ಪಾತ್ರೆ ಎದುರಿಗಿಟ್ಟುಕೊಂಡು ಹಿರಿಯರೆಲ್ಲ ಸಾಲಾಗಿ ನಿಂತಿದ್ದರು. ಮುಖಕ್ಕೆ ಬೇಡ ಎಂದು ಅಮ್ಮ ಒಬ್ಬೊಬ್ಬರಿಗೂ ಹೇಳುತ್ತಾ ಹೋದರು. ಕೆಲವರು ಮುಖ ಸಿಂಡರಿಸಿದರು. ಅಜ್ಜಿ ಮಾತ್ರ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಸೀರೆಯ ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಬರಿ ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆ ಎಳೆದು, ಪಾತ್ರೆಯ ಹಾಲನ್ನೆಲ್ಲ ತಲೆಯ ಮೇಲೆ ಸುರಿಯದೆ ಎರಡೂ ಕೈಗಳಿಗೆ ಹಚ್ಚಿದರು.