ಮರಳುಗಾಡಿನ ಸೊಪ್ಪುಸದೆ

ಅರಬರ ಊಟ ಅಂದರೆ ನಮ್ಮವರ ಕಣ್ಣ ಮುಂದೆ ಬರುವುದು ದೊಡ್ಡದೊಂದು ಹರಿವಾಣ, ಅದರ ತುಂಬ ಅನ್ನ, ಅನ್ನದ ಮೇಲೆ ಕಾಲು ಚಾಚಿ ಮಲಗಿದ ಕುರಿ. ಬೆಂಗಳೂರಿನಲ್ಲಿ ‘ಮಂದಿ’ ಎಂಬ ಅರಬ್ ಊಟ ಬಡಿಸುವ ಹೋಟೆಲುಗಳಲ್ಲಿ ಉಂಡು ಬಂದವರಂತೂ ಇದನ್ನೇ ಆಣೆ ಮಾಡಿ ಹೇಳುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ಮಳೆಯೇ ಅಪರೂಪವಾದ ಕಡೆ ದಿನಾ ಒಂದು ಕುರಿ ಕಡಿದರೆ ನಾಳೆ ಹಾಲು ಕರೆಯುವುದು ಯಾರನ್ನ? ಮರುಭೂಮಿಯ ಅಲೆಮಾರಿಗಳಾದ ಬೆದೂಯಿನರಿಗೆ ಮೇಕೆ, ಒಂಟೆ ಎಲ್ಲ ಬ್ಯಾಂಕಿನ ಠೇವಣಿ ಇದ್ದ ಹಾಗೆ. ಬಡ್ಡಿ ತಿನ್ನಬಹುದು; ಅಸಲಿಗೆ ಕೈ ಹಾಕುವುದು ಮದುವೆಗೋ ನೆಂಟರು ಬಂದಾಗಲೋ ಮಾತ್ರ. ಉಳಿದ ದಿನಗಳಲ್ಲಿ ಹಾಲು, ಮಜ್ಜಿಗೆ, ಖರ್ಜೂರ, ರೊಟ್ಟಿ.

ಆ ರೊಟ್ಟಿಗೆ ಒಲೆ ಬೇಡ, ಹೆಂಚು ಬೇಡ. ಹಿಟ್ಟಿಗೆ ಉಪ್ಪು, ನೀರು ಹಾಕಿ ನಾದಿ, ದಪ್ಪಗೆ ತಟ್ಟಿ, ಕೆಂಡ ಸರಿಸಿದ ಬಿಸಿ ಮರಳಿನ ಮೇಲೆ ಹಾಕಿ, ಅದೇ ಬೂದಿ ಕೆಂಡವನ್ನು ಮೇಲೆ ಎಳೆದು ಮುಚ್ಚಿದರಾಯಿತು. ಬೆಂದ ಮೇಲೆ ತೆಗೆದು ಪಟಪಟ ಬಡಿದರೆ ಬೂದಿ ಉದುರುತ್ತದೆ. ಈಜಿಪ್ಟಿನ ಸಿನಾಯಿಯವರು ಇದನ್ನು ಲಿಬ್ಬೆ ಅನ್ನುತ್ತಾರೆ, ಜೋರ್ಡಾನಿನವರು ಅರ್ಬೂದ್. ಪಾತ್ರೆ ತೊಳೆಯಲು ನೀರಿಲ್ಲದ ಊರಲ್ಲಿ ಪಾತ್ರೆಯೇ ಬೇಡದ ಅಡುಗೆ!

ಮೊಸರಿನ ಕಥೆಯೂ ಹೀಗೆಯೇ. ಮೇಕೆ ಚರ್ಮದ ಚೀಲದಲ್ಲಿ ಕಡೆದು ಬೆಣ್ಣೆ ತೆಗೆಯುತ್ತಾರೆ. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಒಣಗಿಸುತ್ತಾರೆ. ಇದು ಜಮೀದ್. ತಿಂಗಳುಗಟ್ಟಲೆ ಕೆಡದು. ಬೇಕಾದಾಗ ನೀರಲ್ಲಿ ನೆನೆಸಿ ಕರಗಿಸಿದರೆ ಹುಳಿ ಸಾರು ಸಿದ್ಧ. ಜೋರ್ಡಾನಿನ ಹೆಸರಾಂತ ಮಾಂಸದೂಟ ಮನ್ಸಫ್‌ನಲ್ಲಿ ಮಾಂಸಕ್ಕೇ ಜನ ಬಾಯಿ ಬಿಡುತ್ತಾರೆ, ಆದರೆ ರುಚಿಯ ಮೂಲ ಈ ಜಮೀದ್.

ಹಾಲಾಯಿತು, ಹಿಟ್ಟಾಯಿತು, ಸೊಪ್ಪು? ಮಳೆ ಬೀಳಬೇಕು. ಬಿತ್ತೋ, ಕೆಲವೇ ವಾರಗಳಲ್ಲಿ ಹಳ್ಳದ ದಂಡೆಯಲ್ಲಿ ಹುಮ್ಮೈದ್ ಚಿಗುರುತ್ತದೆ. ಬೇರೆ ಯಾವುದೋ ದೇಶದ ಗಿಡ ಅಂದುಕೊಳ್ಳಬೇಡಿ. ನಮ್ಮ ಚುಕ್ಕೆಸೊಪ್ಪೇ ಅದು, ಆಂಧ್ರದವರ ಚುಕ್ಕಕೂರ. ನಾವು ಬೇಳೆಗೆ ಹಾಕುತ್ತೇವೆ, ಅವರು ಮೇಕೆ ಮೇಯಿಸುತ್ತ ಹಸಿಯಾಗಿಯೇ ಜಗಿಯುತ್ತಾರೆ. ಅವರ ರಿಜ್ಲೆಯೂ ನಮ್ಮ ಗೋಣಿಸೊಪ್ಪೇ.

ಸೌದಿಯ ಅಲ್ ಜೌಫ್ ಕಡೆ ಸಮ್ಹ್ ಎಂಬ ಪುಟ್ಟ ಗಿಡವಿದೆ. ಅದರ ಕಾಯಿ ಒಣಗಿದಾಗ ಬಾಯಿ ಬಿಗಿ ಹಿಡಿದು ಕೂತಿರುತ್ತದೆ. ನೆನೆದರೆ ಮಾತ್ರ ತೆರೆದುಕೊಂಡು ಬೀಜ ಚೆಲ್ಲುತ್ತದೆ. ಮಳೆ ಬರದೆ ಮಕ್ಕಳನ್ನು ಹೊರಗೆ ಕಳಿಸದ ಜಾಣತನ. ಜನ ಅದಕ್ಕಿಂತ ಜಾಣರು. ಕಾಯಿ ಕೂಡಿಸಿ ತಂದು ನೀರಿಗೆ ಹಾಕುತ್ತಾರೆ. ಮಳೆ ಬಂತೆಂದು ನಂಬಿ ಕಾಯಿ ಬಾಯಿ ತೆರೆಯುತ್ತದೆ, ಬೀಜ ತಳಕ್ಕಿಳಿಯುತ್ತದೆ. ಒಣಗಿಸಿ, ಹುರಿದು, ಬೀಸಿ, ಖರ್ಜೂರ ತುಪ್ಪದೊಂದಿಗೆ ಕಲಸಿದರೆ ಬಕೀಲ. ಬಿತ್ತದೆ ಉಳದೆ ಸಿಕ್ಕ ಹಿಟ್ಟು.

ಅಲೆಮಾರಿಗಳು ಕಿತ್ತು ತಿನ್ನುತ್ತಾರೆಯೇ ಹೊರತು ನೆಡುವುದಿಲ್ಲ ಅಂತ ತೀರ್ಪು ಕೊಡುವವರಿದ್ದಾರೆ. ಅವರನ್ನು ಸಿನಾಯಿಯ ಸೇಂಟ್ ಕ್ಯಾಥರೀನ್ ಬೆಟ್ಟಗಳಿಗೆ ಹತ್ತಿಸಬೇಕು. 6ನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟೀನಿಯನ್ ಅಲ್ಲಿ ಮಠ ಕಟ್ಟಿಸಿದಾಗ ಅದರ ಕಾವಲಿಗೆ, ಚಾಕರಿಗೆ ಬಂದವರ ಸಂತತಿ ತಾವೆಂದು ಜಬಲಿಯಾ ಬುಡಕಟ್ಟಿನವರು ಹೇಳಿಕೊಳ್ಳುತ್ತಾರೆ. ಸುಮಾರು 1,500 ಮೀಟರಿಗೂ ಮೇಲಿನ ಕಣಿವೆಗಳಲ್ಲಿ ಕಲ್ಲಿನ ಗೋಡೆ ಕಟ್ಟಿ, ಬಾವಿ ತೋಡಿ, ಬಾದಾಮಿ, ಅಂಜೂರ, ದಾಳಿಂಬೆ, ಏಪ್ರಿಕಾಟ್, ದ್ರಾಕ್ಷಿ ಬೆಳೆಸಿದ್ದಾರೆ. ಮರದ ಬುಡದಲ್ಲಿ ತರಕಾರಿ, ಪುದೀನ. ಗೋಡೆ ತಡೆಯುವುದು ಎರಡನ್ನು: ಹಠಾತ್ತನೆ ನುಗ್ಗುವ ನೆರೆ, ಮತ್ತು ಸ್ವಂತ ಮೇಕೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ಇಷ್ಟು ಲೆಕ್ಕಾಚಾರದಲ್ಲಿ ಬದುಕುವವರು ಜಿಪುಣರಾಗಬೇಕಿತ್ತಲ್ಲವೆ? ಆಗಲಿಲ್ಲ. ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಜರ್ 1946–47ರಲ್ಲಿ ಬೆದೂಯಿನ್ ಸಂಗಾತಿಗಳೊಂದಿಗೆ ಅರೇಬಿಯಾದ ಮಹಾ ಮರುಭೂಮಿ ದಾಟಿದ. ಹಸಿದು ಕಂಗಾಲಾಗಿದ್ದಾಗ ಒಂದು ಮೊಲ ಸಿಕ್ಕಿತು. ಅದು ಬೇಯುವುದನ್ನೇ ಎಲ್ಲರೂ ಕಾಯುತ್ತಿರುವಾಗ ಅಪರಿಚಿತರು ಬಂದರು. ಸಂಗಾತಿಗಳು ಮೊಲವನ್ನೂ ರೊಟ್ಟಿಯನ್ನೂ ಅವರ ಮುಂದಿಟ್ಟು, ತಾವು ಒಂದು ತುಣುಕೂ ಮುಟ್ಟಲಿಲ್ಲ. ಹಸಿವಿನ ರುಚಿ ಗೊತ್ತಿದ್ದವರು ಮಾಡಿದ ಕಾನೂನು ಇದು: ಇವತ್ತು ಅವನು ನನ್ನ ಡೇರೆಗೆ, ನಾಳೆ ನಾನು ಅವನದಕ್ಕೆ.

ಆದರೆ ಈ ಧಾರಾಳಕ್ಕೂ ಒಂದು ಗಡಿ ಉಂಟು. ಗುಡುಗು ಮಳೆಯ ಮರುವರ್ಷದ ಆರಂಭದಲ್ಲಿ, ಮರಳ ನೆಲದಲ್ಲಿ ಸಣ್ಣ ಬಿರುಕು ಕಾಣುತ್ತದೆ. ಕೋಲಿನಿಂದ ಕೆದಕಿದರೆ ಆಲೂಗಡ್ಡೆ ಗಾತ್ರದ ಫಗ, ನೆಲದೊಳಗಿನ ಅಣಬೆ. ಗುಡುಗಿದರೆ ಅಣಬೆ ಏಳುತ್ತದೆ ಅಂತ ನಮ್ಮ ಮಲೆನಾಡಿನವರು ನಂಬಿದಂತೆ ಅವರೂ ನಂಬುತ್ತಾರೆ. ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಆದ್ದರಿಂದ ಡೇರೆಗೆ ಹೋದರೆ ನಿಶ್ಚಿಂತೆಯಿಂದ ಉಣ್ಣಿ. ಪದ್ಧತಿಯ ಪ್ರಕಾರ ಅವರು ನಿಮ್ಮನ್ನು ಮೂರು ದಿನ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ನೀವೂ ಅಷ್ಟೇ ಮರ್ಯಾದೆಯಿಂದ, ಫಗ ಎಲ್ಲಿ ಸಿಕ್ಕಿತು ಅಂತ ಕೇಳಬೇಡಿ.