ವಾರಾನ್ನದ ನಾಡಿನಲ್ಲಿ ಒಬ್ಬ ಎಳೆಯ ಭಿಕ್ಷು

ಬೈಲಕುಪ್ಪೆಯ ಟಿಬೆಟನ್ ಬೌದ್ಧರ ಸೆರಾ ಮಠದ ಎಳೆಯ ಭಿಕ್ಷುವೊಬ್ಬ ಓದಿಗೆ ಪ್ರಾಯೋಜಕರನ್ನು ಹುಡುಕುತ್ತಿದ್ದಾನೆ ಅಂದರೆ ಹಲವರು ಹುಬ್ಬೇರಿಸುತ್ತಾರೆ, ಸನ್ಯಾಸಿಗೆ ದುಡ್ಡೇಕೆ ಅಂತ. ಆ ಓದು ಎಂಥದ್ದು ಅಂತ ಒಮ್ಮೆ ನೋಡಬೇಕು. ಅದರ ಅತ್ಯುನ್ನತ ಪದವಿಯಾದ ಗೆಶೆ ಲ್ಹರಂಪ ಕೈಗೆ ಬರುವಷ್ಟರಲ್ಲಿ 20 ವರ್ಷವಾದರೂ ಸರಿದಿರುತ್ತದೆ. ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಎಲ್ಲವೂ ಟಿಬೆಟನ್ನಿನಲ್ಲಿ. ಬಾಯಿಪಾಠ ಮಾಡಿದರೆ ಮುಗಿಯಲಿಲ್ಲ, ಅಂಗಳದಲ್ಲಿ ವಾದಕ್ಕೆ ನಿಲ್ಲಬೇಕು. ನಿಂತವನು ಎಡಗಾಲು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾನೆ. ನೆಲದ ಮೇಲೆ ಕೂತವನು ತಡವರಿಸದೆ ಉತ್ತರ ಕೊಡಬೇಕು. ಸುತ್ತ ಹತ್ತಾರು ಜೋಡಿಗಳ ಗದ್ದಲ ಬೇರೆ.

ಲಡಾಖ್, ಅರುಣಾಚಲ, ನೇಪಾಳದ ಗುಡ್ಡದ ಹಳ್ಳಿಗಳಿಂದ ಬಂದ ಹುಡುಗರೂ ಇಲ್ಲಿದ್ದಾರೆ. ಅನೇಕರ ಮನೆಯವರಿಗೆ ದುಡ್ಡು ಕಳಿಸುವ ಶಕ್ತಿಯಿಲ್ಲ. ಊಟ, ಔಷಧಿ, ಪುಸ್ತಕ, ಕೇಳುವುದು ಇಷ್ಟಕ್ಕೇ. ವಾರಾನ್ನ ಉಂಡು ಓದಿದವರನ್ನು ಹೆಮ್ಮೆಯಿಂದ ನೆನೆಯುವ ನಮಗೆ ಇದು ಭಿಕ್ಷಾಟನೆಯಾಗಿ ಕಾಣಬಾರದು. ನನಗಂತೂ ಕಾಣುವುದಿಲ್ಲ.

ಕೊಡುವ ಮನಸ್ಸಿದ್ದರೆ ಮಠದ ಕಚೇರಿಯಲ್ಲೇ ವಿಚಾರಿಸಿ, ರಸೀದಿ ಪಡೆದು ಕೊಡಿ. ಕುಶಾಲನಗರದಿಂದ ಆಟೋ ಸಿಗುತ್ತದೆ.