ಪುಟ್ಟಿಗೆ ಯಾವ ವಿಡಿಯೋ ಹಾಕೋದು?

ಮೊದಲೇ ಹೇಳಿಬಿಡ್ತೀವಿ, ಈ ಲೇಖನ ಬರೆಯೋದಕ್ಕೆ ನಮಗೆ ಯಾವ ಅರ್ಹತೆಯೂ ಇಲ್ಲ. ನಾವು ಮಕ್ಕಳ ಡಾಕ್ಟರ್ ಅಲ್ಲ, ಟೀಚರ್ ಅಲ್ಲ. ನಾವು ಅಂದ್ರೆ ಮೂರು ಜನ: ಐಟಿ ಕೆಲಸದ ಅಕ್ಕ, ಅವಳಿಗಿಂತ ಹೆಚ್ಚು ಮೀಟಿಂಗ್ ಇರುವ ಭಾವ, ಮತ್ತು ಥರ್ಡ್ ಸೆಮ್ ಪರೀಕ್ಷೆ ಮುಗಿಸಿ ರಜೆಗೆ ಅಂತ ಅವರ ಬೆಂಗಳೂರಿನ ಮನೆಗೆ ಬಂದು ಬಿದ್ದಿದ್ದ ಈ ಗಿರಾಕಿ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಸಂಪಾದಕರನ್ನ ಬೈಯಿರಿ, ನಮ್ಮನ್ನ ಬಿಟ್ಟುಬಿಡಿ.

ಅಕ್ಕನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಮನೇಲಿ ಎಲ್ಲರಿಗೂ ಪುಟ್ಟಿ. ಹಗಲೆಲ್ಲ ಅವಳನ್ನ ನೋಡಿಕೊಳ್ಳೋದು ಭಾವನ ಅಮ್ಮ. ಪುಟ್ಟಿಗೆ ಅಜ್ಜಿ, ಹಾಗಾಗಿ ನಮಗೂ ಅಜ್ಜಿ. ತಿಪಟೂರಿನ ಹತ್ತಿರ ಒಂದು ಹಳ್ಳಿಯವರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ. ತೋಟ, ಮನೆ, ಎರಡು ಹಸು ಎಲ್ಲವನ್ನೂ ಮೈದುನನಿಗೆ ಒಪ್ಪಿಸಿ ಈ ಮೂರನೇ ಮಹಡಿ ಫ್ಲಾಟಿಗೆ ಬಂದಿದ್ದಾರೆ, ಮೊಮ್ಮಗಳಿಗಾಗಿ.

ಆದರೆ ಅಜ್ಜಿ ಅಡುಗೆ ಮಾಡಬೇಕು, ಸ್ನಾನ ಮಾಡಬೇಕು, ಐದು ನಿಮಿಷ ಸೊಂಟ ಚಾಚಬೇಕು. ಆಗ ಪುಟ್ಟಿಗೆ ಟಿವಿ. ಟಿವಿ ಹಾಕೋದೇ ಆದ್ರೆ ಸುಮ್ಮನೆ ಯಾಕೆ, ಏನಾದ್ರೂ ಕಲಿಯೋ ಅಂಥದ್ದು ಹಾಕೋಣ ಅಂತ ನಾವು ತೀರ್ಮಾನ ಮಾಡಿದ್ವಿ. ಇಂಜಿನಿಯರ್‌ಗಳು ಸೇರಿದ್ರೆ ಏನಾಗುತ್ತೆ ಹೇಳಿ? ಎಕ್ಸೆಲ್ ಶೀಟ್ ಆಯ್ತು. ಅಕ್ಷರ ಕಲಿಸುತ್ತಾ, ಹತ್ತರವರೆಗೆ ಎಣಿಕೆ ಇದೆಯಾ, ಬಣ್ಣ, ಆಕಾರ, ಪ್ರಾಣಿಗಳ ಹೆಸರು, ದೇಹದ ಭಾಗಗಳು... ಎಲ್ಲಕ್ಕೂ ಒಂದೊಂದು ಕಾಲಂ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಗೆದ್ದ ಹನ್ನೆರಡು ವಿಡಿಯೋಗಳನ್ನ ಒಂದು ಪ್ಲೇಲಿಸ್ಟ್‌ಗೆ ಹಾಕಿ, ಅಜ್ಜಿಗೆ ರಿಮೋಟಿನ ಯಾವ ಬಟನ್ ಒತ್ತಬೇಕು ಅಂತ ತೋರಿಸಿಕೊಟ್ವಿ. ಹನ್ನೆರಡೂ ಇಂಗ್ಲಿಷ್. ಆ ಶೀಟಿನಲ್ಲಿ ಭಾಷೆಗೆ ಅಂತ ಒಂದು ಕಾಲಂ ಹಾಕಬೇಕು ಅನ್ನೋದು ಮೂವರಿಗೂ ಹೊಳೆಯಲಿಲ್ಲ.

ಮೂರು ವಾರದಲ್ಲಿ ರಿಸಲ್ಟ್ ಬಂತು. ಪುಟ್ಟಿ ಬಾಲ್ಕನಿಯ ಕಾಗೆಗೆ 'ಬರ್ಡ್' ಅಂದಳು, ಬದನೆಕಾಯಿ ತೋರಿಸಿ 'ಪರ್ಪಲ್' ಅಂದಳು. ನಾವು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ವಿ, ಹಾರ್ಟ್‌ಗಳ ಮಳೆ. ಅಜ್ಜಿ ಮಾತ್ರ ಬದನೆಕಾಯಿ ನೋಡ್ತಾ, "ಏನಂತೆ ಅದು?" ಅಂತ ಕೇಳಿದ್ದು ನೆನಪಿದೆ. ನಾವು ನಕ್ಕು ಸುಮ್ಮನಾದ್ವಿ.

ಆಮೇಲೆ ಆ ಶನಿವಾರ. ನಾವು ಮೂವರೂ ಸಿನಿಮಾಗೆ ಹೋಗಿದ್ವಿ. ಮುಗಿಸಿ ಕಾಫಿ ಕುಡೀತಾ ಇದ್ದಾಗ ಅಜ್ಜಿ ಫೋನ್. "ಮಗು ತಮ್ಮಿ ತಮ್ಮಿ ಅಂತ ಒಂದೇ ಸಮ ಅಳ್ತಾ ಇದೆ, ಅವನನ್ನೇ ಕೇಳ್ತಾ ಇರಬೇಕು, ಬೇಗ ಬನ್ನಿ." ಅಕ್ಕ ಮನೇಲಿ ಕರೆಯೋದು 'ತಮ್ಮ' ಅಂತ, ಪುಟ್ಟಿಯೂ ಅದನ್ನೇ ಕಲಿತಿದ್ದಾಳೆ ಅಂತ ನಮಗೆ ಒಳಗೊಳಗೇ ಹೆಮ್ಮೆ. ಕಾಫಿ ಪೂರ್ತಿ ಕುಡಿದೇ ಹೊರಟ್ವಿ. ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ.

ಮನೆಗೆ ಬಂದಾಗ ಪುಟ್ಟಿ ಅಜ್ಜಿಯ ತೊಡೆ ಮೇಲೆ ಮೊಣಕಾಲು ಮಡಚಿಕೊಂಡು ಮುದುರಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅಕ್ಕನನ್ನ ನೋಡಿದ ಕೂಡಲೇ ಮತ್ತೆ ಅದೇ ಮಾತು. ತಮ್ಮಿ ಅಲ್ಲ, ಟಮ್ಮಿ. ಹೊಟ್ಟೆನೋವು. ಆ ಹನ್ನೆರಡರಲ್ಲಿ ಆರನೇ ವಿಡಿಯೋ, ದೇಹದ ಭಾಗಗಳು, ನಾವು ಹತ್ತಕ್ಕೆ ಒಂಬತ್ತು ಕೊಟ್ಟಿದ್ವಿ.

ಡಾಕ್ಟರ್ ಹತ್ತಿರ ಹೋಗಿದ್ದಾಯ್ತು, ದೊಡ್ಡದೇನೂ ಇರಲಿಲ್ಲ, ರಾತ್ರಿ ನಿದ್ದೆ ಮಾಡಿದಳು. ನಿದ್ದೆ ಬರದೇ ಇದ್ದಿದ್ದು ಅಜ್ಜಿಗೆ. ಅಡುಗೆಮನೆಯಲ್ಲಿ ಬೆಳಕಿತ್ತು, ಹೋಗಿ ನೋಡಿದ್ರೆ ಸುಮ್ಮನೆ ಕೂತಿದ್ದಾರೆ. "ನಾಲ್ಕು ಮಕ್ಕಳನ್ನ ಸಾಕಿದೀನಿ. ಹೊಟ್ಟೆ ನೋವಿಗೂ ಹಟಕ್ಕೂ ಅಳೋ ವ್ಯತ್ಯಾಸ ನನಗೆ ಗೊತ್ತಾಗಬೇಕಿತ್ತು. ಆದ್ರೆ ಅದು ಬಾಯಿಬಿಟ್ಟು ಹೇಳ್ತಾ ಇತ್ತಲ್ಲ, ಅದಕ್ಕೇ ಮೋಸ ಹೋದೆ. ಇಂಗ್ಲಿಷ್ ಬರೋ ಯಾರನ್ನಾದ್ರೂ ಇಟ್ಕೊಳ್ಳಿ ಮಗು ನೋಡ್ಕೊಳ್ಳೋಕೆ" ಅಂದರು. ಸಿಟ್ಟಿನಿಂದಲ್ಲ, ನಿಜವಾಗಿ ಯೋಚಿಸಿಯೇ ಅಂದರು. ನಮ್ಮ ಮೂವರ ಹತ್ತಿರವೂ ಉತ್ತರ ಇರಲಿಲ್ಲ.

ಮರುದಿನ ಎಕ್ಸೆಲ್ ಶೀಟ್ ಡಿಲೀಟ್ ಮಾಡಿ ಸರಿಯಾಗಿ ಓದೋಕೆ ಕೂತ್ವಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಪ್ಲೇಲಿಸ್ಟ್ ಮಾತ್ರ ಒಂದು ಮುಗಿದ ಕೂಡಲೇ ಇನ್ನೊಂದನ್ನ ತಾನೇ ಶುರು ಮಾಡ್ತಾ ಇತ್ತು. ಎಷ್ಟು ಹೊತ್ತು ಓಡ್ತಿತ್ತು ಅಂತ ನಾವು ಯಾವತ್ತೂ ಲೆಕ್ಕ ಇಟ್ಟಿರಲಿಲ್ಲ.

ಇನ್ನೊಂದು ಸಂಗತಿ ನಮ್ಮನ್ನ ನಿಜಕ್ಕೂ ಬೆಚ್ಚಿಬೀಳಿಸಿತು. ಅಮೆರಿಕದ ಪೆಟ್ರಿಷಿಯಾ ಕೂಲ್ ಎಂಬ ವಿಜ್ಞಾನಿಯ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗ. ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಮಕ್ಕಳ ಎದುರು ಮನುಷ್ಯರೇ ಕೂತು ಮಾತಾಡಿ ಆಟ ಆಡಿಸಿದರು, ಉಳಿದವರಿಗೆ ಅಂಥದ್ದೇ ಪಾಠ ವಿಡಿಯೋದಲ್ಲಿ ಅಥವಾ ಬರೀ ಧ್ವನಿಯಲ್ಲಿ. ಮನುಷ್ಯರ ಜೊತೆ ಇದ್ದ ಮಕ್ಕಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಗುರುತಿಸೋದು ಕಲಿತರು. ವಿಡಿಯೋ ನೋಡಿದವರು ಕಲಿಯಲಿಲ್ಲ. ಪುಟ್ಟಿ ದೊಡ್ಡವಳು, ಪದಗಳನ್ನ ಹೆಕ್ಕಿಕೊಂಡಳು, ನಿಜ. ಆದ್ರೆ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವಿಡಿಯೋ ಅನ್ನೋದು ಓಪನ್ ಲೂಪ್ ಸಿಸ್ಟಮ್. ಮಗು ಏನಂತು, ಅರ್ಥ ಆಯ್ತಾ, ಕಣ್ಣು ಎತ್ತ ಹೋಯ್ತು, ಅದಕ್ಕೆ ಗೊತ್ತೇ ಆಗಲ್ಲ. ಫೀಡ್‌ಬ್ಯಾಕ್ ಇರೋದು ಅಜ್ಜಿ ಹತ್ತಿರ. ನಾವು ಲೂಪ್‌ನಿಂದ ಅವರನ್ನೇ ಕಿತ್ತುಹಾಕಿದ್ವಿ.

ಹಾಗಂತ ಟಿವಿಯನ್ನ ಕಿಟಕಿಯಿಂದ ಆಚೆ ಎಸೆದಿಲ್ಲ. ಅಜ್ಜಿಗೆ ಆ ಅರ್ಧ ಗಂಟೆ ಬೇಕು. ಆಯ್ಕೆಯ ರೀತಿ ಬದಲಾಯಿಸಿದ್ವಿ. ಮೊದಲನೇ ನಿಯಮ: ನಾವು ಪೂರ್ತಿ ನೋಡದೇ ಇರೋದನ್ನ ಮಗುವಿಗೆ ಹಾಕೋ ಹಾಗಿಲ್ಲ. ಇದೊಂದರಲ್ಲೇ ಅರ್ಧ ಲಿಸ್ಟ್ ಖಾಲಿಯಾಯ್ತು, ಯಾಕಂದ್ರೆ ಎರಡು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗೋದನ್ನ ನೋಡಿ ನಮಗೇ ತಲೆನೋವು ಬಂತು. ಎರಡನೆಯದು: ನಿಧಾನ ಇರಬೇಕು, ಕೇಳಿ ಕಾಯಬೇಕು. 1996ರಲ್ಲಿ ಶುರುವಾದ ಬ್ಲೂಸ್ ಕ್ಲೂಸ್ ಅನ್ನೋ ಕಾರ್ಯಕ್ರಮದಲ್ಲಿ ನಿರೂಪಕ ಪ್ರಶ್ನೆ ಕೇಳಿ ಸುಮ್ಮನೆ ನಿಂತುಬಿಡ್ತಾನೆ, ಮಕ್ಕಳು ಉತ್ತರ ಹೇಳಲಿ ಅಂತ. ಆಗ ಒಂದೇ ಎಪಿಸೋಡನ್ನ ವಾರದ ಐದು ದಿನವೂ ಹಾಕ್ತಿದ್ದರಂತೆ. ನಮಗೆ ಬೋರ್, ಮಕ್ಕಳಿಗೆ ಅದೇ ಪಾಠ. ಮೂರನೆಯದು: ಆಟೋಪ್ಲೇ ಆಫ್, ಇಪ್ಪತ್ತು ನಿಮಿಷಕ್ಕೆ ಟೈಮರ್. ನಾಲ್ಕನೆಯದು, ಅಕ್ಕ ಸೇರಿಸಿದ್ದು: ವಿಡಿಯೋದಲ್ಲಿ ಬಂದ ಮಾತು ಅಜ್ಜಿಗೂ ಅರ್ಥ ಆಗಬೇಕು.

ಈ ನಾಲ್ಕನೆಯದೇ ಕಷ್ಟ ಆಯ್ತು. ಕನ್ನಡದ ಮಕ್ಕಳ ವಿಡಿಯೋ ಬೇಕಾದಷ್ಟಿವೆ, ಆದ್ರೆ ನಾವು ಹುಡುಕಿದಾಗ ಸಿಕ್ಕ ಎಷ್ಟೋ ವಿಡಿಯೋಗಳಲ್ಲಿ ಇಂಗ್ಲಿಷ್ ಹಾಡಿಗೇ ಕನ್ನಡ ಪದ ತುರುಕಿದ್ದರು. ಈ ಸಲ ಜಡ್ಜ್ ಅಜ್ಜಿ. "ಇದು ಯಾವೂರ ಕನ್ನಡ?" ಅಂತ ಒಂದೊಂದನ್ನೇ ಫೇಲ್ ಮಾಡಿದರು. ಕೊನೆಗೆ ಉಳಿದಿದ್ದು ಮೂರು. ಅದರಲ್ಲೊಂದು ಆನೆಯ ಹಾಡು. ಅದು ಬಂದಾಗ ಅಜ್ಜಿ ಒಗ್ಗರಣೆ ಬಿಟ್ಟು ಬಂದು ತಾವೂ ಹಾಡಿದರು, ವಿಡಿಯೋದಲ್ಲಿ ಇಲ್ಲದ ಎರಡು ಸಾಲನ್ನೂ ಸೇರಿಸಿ. ಪುಟ್ಟಿ ಟಿವಿ ಬಿಟ್ಟು ಅಜ್ಜಿ ಮುಖ ನೋಡೋಕೆ ಶುರು ಮಾಡಿದಳು. ಒಗ್ಗರಣೆ ಸೀದುಹೋಯ್ತು, ಯಾರೂ ಏನೂ ಅನ್ನಲಿಲ್ಲ. ಓದೋಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ರಾತ್ರಿ ಓದೋ ಪಾಳಿ ನಮ್ಮದು. ನಾವು ಅಕ್ಷರ ಅಕ್ಷರ ಕೂಡಿಸಿ ಓದೋ ಸ್ಪೀಡ್ ಎರಡು ವರ್ಷದ ಮಗುವಿಗೆ ಪರ್ಫೆಕ್ಟ್.

ಇಂಗ್ಲಿಷ್ ಬೇಡ ಅಂತ ನಾವು ಹೇಳ್ತಿಲ್ಲ. ಹೇಳಿದ್ರೆ ನಗೆಪಾಟಲು, ನಮ್ಮ ಊಟವೇ ಅದರಿಂದ. ಪುಟ್ಟಿ ಹೇಗೂ ಕಲೀತಾಳೆ. ಆದ್ರೆ ಹಗಲು ಪೂರ್ತಿ ಅವಳ ಜೊತೆ ಇರೋ ಮನುಷ್ಯರಿಗೆ ನೋವು ಎಲ್ಲಿದೆ ಅಂತ ಹೇಳೋಕೆ ಬರಬೇಕು, ಅದು ಮೊದಲು.

ಈಗ ಕಾಲೇಜು ಶುರುವಾಗಿದೆ. ಭಾನುವಾರ ರಾತ್ರಿ ವಿಡಿಯೋ ಕಾಲ್. ಪುಟ್ಟಿ ಹೊಟ್ಟೆ ಮುಟ್ಟಿಕೊಂಡು "ಹೊಟ್ಟೆ" ಅಂತಾಳೆ, ಹಿಂದಿನಿಂದ ಅಜ್ಜಿ "ಟಮ್ಮಿ" ಅಂತಾರೆ, ಇಬ್ಬರೂ ನಗ್ತಾರೆ. ಹೋದ ವಾರ ಪುಟ್ಟಿ "ಕತೆ" ಅಂದಳು. ಹಾಸ್ಟೆಲ್ ರೂಮಿನಲ್ಲಿ ಕೂತು ನೆನಪು ಮಾಡಿಕೊಂಡ್ರೆ ನಮ್ಮ ಹತ್ತಿರ ಕನ್ನಡದಲ್ಲಿ ಶುರುವಿಂದ ಕೊನೆತನಕ ಹೇಳೋಕೆ ಬರೋ ಕತೆ ಒಂದೂ ಇರಲಿಲ್ಲ. ಅಜ್ಜಿ ಒಂದೊಂದೇ ವಾಕ್ಯ ಹೇಳಿಕೊಟ್ಟರು, ನಾವು ಒಪ್ಪಿಸಿದ್ವಿ. ಕಾಗೆ ಗುಬ್ಬಿ ಕತೆ. ಮಳೆ ಬರೋವರೆಗೆ ಬಂದಿದೆ, ಉಳಿದಿದ್ದು ಈ ಭಾನುವಾರ.